ಭೀಮನ ಕಲ್ಲು ಮತ್ತು ಒಂಬತ್ತನೆಯ ಕಲಮು

ಜಕ್ಕಲಿಯ ಗುರುಸಂಗಪ್ಪನಿಗೆ ಮೂವತ್ತೊಂದನೆಯ ವಯಸ್ಸಿಗೇ ಹಣೆಯ ಮೇಲೆ ಮೂರು ಗೆರೆ ಬಿದ್ದಿದ್ದವು. ವಿಭೂತಿ ಹಚ್ಚಿದಾಗ ಮುಚ್ಚಿಹೋಗುತ್ತಿದ್ದವು, ಬೆವರಿಗೆ ವಿಭೂತಿ ಅಳಿಸಿದರೆ ಮತ್ತೆ ಎದ್ದು ಕಾಣುತ್ತಿದ್ದವು. ಮನೆಯಲ್ಲಿ ಉಣ್ಣಲು ಉಡಲು ಕೊರತೆಯಿರಲಿಲ್ಲ. ಊರ ಪಕ್ಕದಲ್ಲೇ ಕಪ್ಪು ಮಣ್ಣಿನ ಎರೆ ಹೊಲವಿತ್ತು, ರೋಣದ ಮೋಜಣಿ ಕಚೇರಿಯಲ್ಲಿ ಹೊಲ ಅಳೆಯುವ ನೌಕರಿಯಿತ್ತು, ಹೆಂಡತಿ ಶೇಖವ್ವ ಸಮಾಧಾನದ ಹೆಣ್ಣು. ಆ ಗೆರೆಗಳನ್ನು ತಂದದ್ದು ನಾಲ್ಕು ಹಾಳೆಯ ಒಂದು ಅಚ್ಚಿನ ಕಾಗದ.

ಧಾರವಾಡದಲ್ಲಿ ಗಣಿತದ ಬಿ.ಎಸ್ಸಿ. ಮುಗಿಸಿ ಬಂದವನು ಸುಮ್ಮನೆ ಅಳತೆಯ ಸರಪಳಿ ಎಳೆದುಕೊಂಡು, ಹೊಲದ ಗಡಿಗೆ ನೆಟ್ಟ ಬಾಂದದ ಕಲ್ಲು ಎಣಿಸಿಕೊಂಡು ಇದ್ದಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಆದರೆ ೧೯೫೩ರಲ್ಲಿ ಅವನ ತಲೆಯಲ್ಲಿ ಒಂದು ಹುಳ ಹೊಕ್ಕಿತು. ಉತ್ತರ ದೇಶದ ಒಂದು ವಿದ್ಯಾಪೀಠ ನೌಕರಿಯಲ್ಲಿರುವವರಿಗೂ ಭೂಮಾಪನ ಶಾಸ್ತ್ರದಲ್ಲಿ ಎಂ.ಎಸ್ಸಿ. ಕೊಡುತ್ತದೆಂದು ಯಾವುದೋ ಪತ್ರಿಕೆಯಲ್ಲಿ ಓದಿದ. ಹೊಲ, ಗದ್ದೆ, ಊರು ಅಳೆಯುವ ವಿದ್ಯೆಯಲ್ಲ ಅದು. ಇಡೀ ಭೂಮಂಡಲದ ಉಬ್ಬು ತಗ್ಗುಗಳನ್ನೇ ಲೆಕ್ಕ ಹಾಕುವ ವಿದ್ಯೆ. ಅರ್ಜಿ ಹಾಕಿದ. ಉತ್ತರದ ಜೊತೆಗೆ ಆ ನಾಲ್ಕು ಹಾಳೆ ಬಂದವು. ಪದವಿ ಬೇಕಾದವನು ಪೂರೈಸಬೇಕಾದ ಕಲಮುಗಳು ಒಂಬತ್ತು. ೧೯೫೮ರ ಜೂನ್ ಮೂವತ್ತರೊಳಗೆ ಒಂಬತ್ತೂ ಮುಗಿಯದಿದ್ದರೆ ಹೆಸರು ತೆಗೆದುಹಾಕಲಾಗುವುದು, ಮತ್ತೆ ಅರ್ಜಿ ಹಾಕುವಂತಿಲ್ಲ. ಯಾವ ಪುಣ್ಯಾತ್ಮ ಬರೆದಿದ್ದನೋ, ಒಂದು ಕಲಮು ದಾಟಿದರೆ ಇನ್ನೊಂದು ಬಾಗಿಲಲ್ಲೇ ಕೂತಿರುತ್ತಿತ್ತು.

ಮೊದಲ ಕಲಮು, ಹಿಂದಿನ ಪದವಿಯ ಮೂಲ ಪ್ರಮಾಣಪತ್ರ. ಅದರ ಒಂದು ಮೂಲೆಯನ್ನು ಇಲಿ ತಿಂದಿತ್ತು. ತಿಂದದ್ದು ಇಲಿಯೇ, ತಾನು ಹರಿದದ್ದಲ್ಲ ಎಂದು ರೋಣದಲ್ಲಿ ಒಬ್ಬ ಅಧಿಕಾರಿಯ ಮುಂದೆ ಪ್ರಮಾಣ ಮಾಡಿ ಕಳಿಸಬೇಕಾಯಿತು. ಎರಡನೆಯದಕ್ಕೆ ಎಂಟು ವಿಷಯಗಳ ಪರೀಕ್ಷೆ. ಅದಕ್ಕಾಗಿ ಮೂರು ವರ್ಷದ ರಜೆಯನ್ನೆಲ್ಲ ರೈಲಿನಲ್ಲಿ ಕಳೆದ. ಒಂದು ಪರದೇಶದ ಭಾಷೆ ಬರಬೇಕೆಂದು ಇನ್ನೊಂದು ಕಲಮು ಹೇಳಿತು. ಬೆಟಗೇರಿಯ ಮಿಶನ್ನಿನಲ್ಲಿ ಒಬ್ಬ ಮುದಿ ಪಾದ್ರಿ ಇದ್ದ. ಅವನ ಹತ್ತಿರ ಮೂವತ್ತು ಭಾನುವಾರ ಜರ್ಮನ್ ಕಲಿತ. ಆ ಪಾದ್ರಿಗೋ ಗುರುಸಂಗಪ್ಪನಿಗೆ ಜರ್ಮನ್ ಕಲಿಸುವುದಕ್ಕಿಂತ ತನ್ನ ಕನ್ನಡ ತಿದ್ದಿಸಿಕೊಳ್ಳುವುದರಲ್ಲೇ ಆಸಕ್ತಿ ಹೆಚ್ಚು. ಅಂತೂ ಪರೀಕ್ಷೆ ಪಾಸಾಯಿತು.

ಐದನೆಯ ಕಲಮು ಕೆಲಸ ಕೊಟ್ಟವರ ಒಪ್ಪಿಗೆ. ಮುಂಬಯಿ ಸರಕಾರದ ಕಡೆಯಿಂದ ಎರಡು ವರ್ಷ ಕಾದು ತರಿಸಿದ ಒಪ್ಪಿಗೆಪತ್ರವನ್ನು ರೇಷ್ಮೆ ವಸ್ತ್ರದಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟಿದ್ದ. ೧೯೫೬ರ ನವೆಂಬರ್ ಒಂದಕ್ಕೆ ರೋಣ ತಾಲೂಕು ಮೈಸೂರು ರಾಜ್ಯಕ್ಕೆ ಸೇರಿತು. ಊರೆಲ್ಲ ಪೇಢೆ ಹಂಚಿತು, ಗುರುಸಂಗಪ್ಪನೂ ಖುಷಿಯಿಂದಲೇ ತಿಂದ. ಮೂರು ವಾರದ ಮೇಲೆ ವಿದ್ಯಾಪೀಠದಿಂದ ಕಾಗದ ಬಂತು: ನಿಮ್ಮ ಕೆಲಸ ಕೊಟ್ಟವರು ಈಗ ಬೇರೆಯವರಾದ ಕಾರಣ ಹೊಸ ಒಪ್ಪಿಗೆಪತ್ರ ಬೇಕು. ತಿಂದ ಪೇಢೆಯ ಸಿಹಿ ಅವತ್ತು ಇಳಿಯಿತು.

ಇವೆಲ್ಲವನ್ನೂ ಅವನು ಹಲ್ಲು ಕಚ್ಚಿ ಸಹಿಸಿದ್ದ. ಏಕೆಂದರೆ ಎಂಟನೆಯ ಕಲಮಿನ ಮೇಲೆ ಅವನಿಗೆ ಪ್ರೀತಿಯಿತ್ತು. ಅದು ಸ್ವಂತ ಅಳತೆಯ ಪ್ರಬಂಧ. ಅವನು ಆರಿಸಿಕೊಂಡ ವಿಷಯ ತನ್ನ ಕಾಲ ಕೆಳಗಿನದೇ. ನಮ್ಮ ಕಡೆಯ ಎರೆ ಮಣ್ಣು ಮಳೆ ಬಂದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಟ್ಟು ಕುಗ್ಗುತ್ತದೆ. ಆ ಮಣ್ಣಿನ ಮೇಲೆ ಸರಕಾರ ಎತ್ತರದ ಗುರುತಿಗೆಂದು ಕಲ್ಲು ನೆಟ್ಟರೆ ಆ ಕಲ್ಲೂ ವರ್ಷವಿಡೀ ಮೇಲೆ ಕೆಳಗೆ ಆಡುತ್ತದಲ್ಲ, ಎಷ್ಟು ಆಡುತ್ತದೆ? ಇದನ್ನು ಯಾರೂ ಸರಿಯಾಗಿ ಅಳೆದಿರಲಿಲ್ಲ. ಒಂದು ಕಲ್ಲು ನೆಟ್ಟು, ಹದಿನೈದು ದಿನಕ್ಕೊಮ್ಮೆ, ಹನ್ನೆರಡು ತಿಂಗಳು ಅಳೆಯಬೇಕು. ವಿದ್ಯಾಪೀಠ ಒಪ್ಪಿತು. ಒಂಬತ್ತನೆಯ ಕಲಮನ್ನು ಅವನು ಆಗ ಓದಿ ಮಡಿಚಿಟ್ಟ: ಆ ಹನ್ನೆರಡು ತಿಂಗಳು ಗುರುತಿನ ಕಲ್ಲನ್ನು ಯಾರೂ ಅಲುಗಿಸಿಲ್ಲವೆಂದು ಅಭ್ಯರ್ಥಿಯೂ, ಕಲ್ಲಿನ ಕಾವಲಿಗಿದ್ದವರೂ ಬರೆದುಕೊಡಬೇಕು. ಎಲ್ಲಕ್ಕಿಂತ ಸುಲಭದ ಕಲಮು ಇದೇ ಎಂದುಕೊಂಡ ಬಡಪಾಯಿ.

೧೯೫೬ರ ಫೆಬ್ರುವರಿಯಲ್ಲಿ ಮೂರು ಕಲ್ಲು ನೆಟ್ಟ. ಹೊಳೆಮಣ್ಣೂರಿನದು ಆ ಮಳೆಗಾಲದಲ್ಲೇ ಮಲಪ್ರಭೆಯ ಪಾಲಾಯಿತು. ಇನ್ನೊಂದು ಜಕ್ಕಲಿಯಲ್ಲೇ, ಬಾಜೂ ಹೊಲದ ಯಮನೂರಪ್ಪನ ಬದುವಿನಲ್ಲಿ. ಮೋಜಣಿಯವನು ಕಲ್ಲು ನೆಟ್ಟನೆಂದರೆ ಮುಂದಿನ ವರ್ಷ ಕಂದಾಯದ ಪಟ್ಟಿ ಏರುವುದೇ ಸೈ ಎಂದು ಅವನು ಎಂಟು ದಿನದಲ್ಲಿ ಅದನ್ನು ಕಿತ್ತು ಹಳ್ಳಕ್ಕೆ ಉರುಳಿಸಿದ. ಉಳಿದದ್ದು ಗುರುಸಂಗಪ್ಪನ ಸ್ವಂತ ಹೊಲದ್ದು. ಗಜೇಂದ್ರಗಡದ ಗುಡ್ಡದಿಂದ ಗಾಡಿಯಲ್ಲಿ ತರಿಸಿದ, ನಾಲ್ಕೂ ಮೈ ಕೆತ್ತಿದ, ನೆತ್ತಿಯ ಮೇಲೆ ಕೂಡುಗೆರೆ ಕೊರೆದ ಒಂದು ಮೊಳದ ಕಲ್ಲು. ಅದರ ಕಾವಲಿಗೆ ಅವನ ತಾಯಿ ಮುದುಕವ್ವ.

ಕಾವಲು ಅಂದರೆ ಅಂತಿಂಥ ಕಾವಲಲ್ಲ. ಜನ ದನ ತುಳಿದರೆ ಮಣ್ಣು ಅದುಮುತ್ತದೆ, ಸುತ್ತ ಹತ್ತು ಮಾರು ಯಾರೂ ಬರಬಾರದು ಎಂದು ಮಗ ಹೇಳಿದ್ದೇ ತಡ, ಆಕೆ ಆಳು ತೋಟಪ್ಪನಿಂದ ಹತ್ತು ಮಾರಿಗೆ ಸರಿಯಾಗಿ ಜಾಲಿಮುಳ್ಳಿನ ಬೇಲಿ ಹಾಕಿಸಿದಳು. ಒಳಗೆ ಕಡಲೆ ಬಿತ್ತಲಿಲ್ಲ. ಚಲೋ ಎರೆಯನ್ನು ಬೀಳು ಬಿಡುವುದು ಆಕೆಗೆ ಹೊಟ್ಟೆ ಉರಿಯುವ ಕೆಲಸ, ಆದರೂ ಬಿಟ್ಟಳು. ದಿನಾ ಮುಂಜಾನೆ ಹೋಗಿ ಬೇಲಿ ಸುತ್ತಿ ಬರುತ್ತಿದ್ದಳು. ಮಂದಿಯ ಆಡುಗಳಿಗೂ, ಆಡಿನ ಒಡೆಯರಿಗೂ, ಒಡೆಯರ ಹಿಂದಿನ ಏಳು ತಲೆಗೂ ಬೈಗುಳ ಬೀಳುತ್ತಿತ್ತು. ಇಟಗಿ ಭೀಮವ್ವನಿಗೆ ಕಾಯಿ ಒಡೆಸುವೆನೆಂದು ಹರಕೆಯನ್ನೂ ಹೊತ್ತಿದ್ದಳು.

ಹದಿನೈದು ದಿನಕ್ಕೊಮ್ಮೆ ಗಂಡ ಹೆಂಡತಿ ಅಳತೆಗೆ ಹೊರಡುತ್ತಿದ್ದರು. ಊರ ಹಳೆಯ ಬಾವಿಯ ಬಂಡೆ ಭೂಮಿಯ ಆಳದಿಂದ ಎದ್ದದ್ದು, ಅಲುಗದ್ದು. ಅದರ ಮೇಲಿನ ಗುರುತಿನಿಂದ ಹೊರಟು ಹೊಲದ ಕಲ್ಲಿನ ತನಕ ಎತ್ತರ ನೋಡುತ್ತ ಬರಬೇಕು. ಗುರುಸಂಗಪ್ಪ ಮೂರು ಕಾಲಿನ ಯಂತ್ರಕ್ಕೆ ಕಣ್ಣಿಟ್ಟರೆ, ಶೇಖವ್ವ ತಲೆಯ ಮೇಲೆ ಸೆರಗು ಹೊದ್ದು, ಹಾಸಿದ ಹಲಗೆಯ ಮೇಲೆ ನಡೆದು, ಅಳತೆಗೋಲು ಹಿಡಿದು ನಿಲ್ಲುತ್ತಿದ್ದಳು. ಬಾವಿಗೆ ಬಂದ ಹೆಂಗಸರು, "ಶೇಖವ್ವಾ, ನಿನ್ನ ಗಂಡ ನಿನ್ನ ಎತ್ತರ ನೋಡಾಕತ್ತಾನೇನು? ಮದುವಿಗೆ ಮೊದಲ ನೋಡಬೇಕಾಗಿತ್ತು" ಎಂದು ಕಾಡುತ್ತಿದ್ದರು. ಆಕೆ ನಕ್ಕರೆ ಕೋಲು ಅಲುಗುತ್ತಿತ್ತು, ಕೋಲು ಅಲುಗಿದರೆ ಗಂಡ ಸಿಡುಕುತ್ತಿದ್ದ.

ಕಲ್ಲು ಮಾತ್ರ ಅವನ ಮರ್ಯಾದೆ ಕಾಯಿತು. ಬೇಸಿಗೆಯಲ್ಲಿ ಇಳಿಯಿತು, ಮಳೆ ಹಿಡಿದ ಮೇಲೆ ಏರಿತು. ಇಂಚಿನ ಎಂಟನೆಯ ಪಾಲಿಗೆ ನಮ್ಮ ಬಡಿಗರು ನೂಲು ಎನ್ನುತ್ತಾರೆ. ಹಾಗೆ ಎಂಟು ನೂಲು ಏರಿ, ದೀಪಾವಳಿ ಕಳೆದ ಮೇಲೆ ಮೆಲ್ಲಗೆ ಇಳಿಯತೊಡಗಿತು. ಇನ್ನು ಒಂದೇ ತಿಂಗಳ ಅಳತೆ ಉಳಿದಿತ್ತು. ಅಷ್ಟರಲ್ಲಿ ಆ ಹೊಸ ಒಪ್ಪಿಗೆಪತ್ರಕ್ಕಾಗಿ ಗುರುಸಂಗಪ್ಪ ಧಾರವಾಡಕ್ಕೆ ಹೋಗಿ ನಾಲ್ಕು ದಿನ ಕಚೇರಿಯ ಬೆಂಚು ಕಾದು ಅದನ್ನು ತರಬೇಕಾಯಿತು. ಎಳ್ಳ ಅಮಾವಾಸ್ಯೆಗೂ ಊರಿಗೆ ಬರಲಾಗಲಿಲ್ಲ.

ಬಂದ ಮೇಲೆ ಅಳತೆಗೆ ನಿಂತ. ಕಲ್ಲು ಮೂರು ನೂಲು ಮೇಲೆ ಬಂದಿತ್ತು.

ಮಳೆಯಿಲ್ಲ, ಮೋಡವಿಲ್ಲ, ನೆಲ ಒಣಗುತ್ತಿದೆ. ಇಳಿಯಬೇಕಾದ ಕಲ್ಲು ಏರುವುದೆಂದರೇನು? ಯಂತ್ರ ಬಿಚ್ಚಿ ಒರೆಸಿದ. ಬಾವಿಯಿಂದ ಮತ್ತೆ ಶುರು ಮಾಡಿದ. ಅದೇ ಮೂರು ನೂಲು. "ಕೋಲು ಸೆಟದ ಹಿಡಿ" ಎಂದು ಹೆಂಡತಿಗೆ ಅಂದ. "ಕೋಲು ನನಕಿಂತ ಸೆಟದ ನಿಂತೈತಿ, ನೀವ ಒಂದೀಟು ಬಾಗೀರಿ" ಎಂದಳು ಶೇಖವ್ವ. ಐದು ದಿನ ಇದೇ ಪಾಡು. ಮುಂಜಾನೆ ಕಚೇರಿಗೆ ಹೋಗುವ ಮುಂಚೆ ಒಂದು ಸಲ, ಸಂಜೆ ಬಂದ ಮೇಲೆ ಒಂದು ಸಲ. ಉಂಡ ರೊಟ್ಟಿ ಮೈಗೆ ಹತ್ತಲಿಲ್ಲ. ಜರ್ಮನ್ ಪುಸ್ತಕವನ್ನೂ ತೆರೆದು ನೋಡಿದ, ಅಲ್ಲಿಯೂ ಜಕ್ಕಲಿಯ ಕಲ್ಲಿನ ಸುದ್ದಿ ಇರಲಿಲ್ಲ. ಆರನೆಯ ದಿನ ಸಿಟ್ಟಿನಿಂದ ಹಲಗೆಯ ಮೇಲೆ ಬೋರಲು ಬಿದ್ದು ಕಲ್ಲಿನ ನೆತ್ತಿಗೆ ಮೂಗು ತಾಗಿಸಿ ನೋಡಿದ. ಕೊರೆದ ಕೂಡುಗೆರೆಯ ಸಂದಿಯಲ್ಲಿ ಬಿಳಿ ಕಂಡಿತು. ಉಗುರಿನಿಂದ ಕೆರೆದ. ಸುಣ್ಣ.

ಮನೆಗೆ ಬಂದಾಗ ಮುದುಕವ್ವ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದಳು.

"ಅವ್ವಾ, ಕಲ್ಲಿಗೆ ಸುಣ್ಣಾ ಯಾರು ಹಚ್ಯಾರ?"

"ನಾ ಹಚ್ಚೀನಿ" ಎಂದಳು ಮೊರದಿಂದ ಕಣ್ಣೆತ್ತದೆ. "ಆಮ್ಯಾಗ ಹುಣಸಿಹಣ್ಣು ಹಾಕಿ ತಿಕ್ಕಿ ತೊಳದೀನಿ. ಇನ್ನೂ ಉಳದೈತೇನು?"

"ಯಾಕ ಹಚ್ಚಿದಿ?"

"ಅಮಾಸಿ ಇತ್ತಲ್ಲೋ. ಪಾಂಡವರನ್ನ ಕುಂದರಸೂದು ಬ್ಯಾಡೇನು?"

ಆಗ ಗುರುಸಂಗಪ್ಪನಿಗೆ ಎಲ್ಲ ತಿಳಿಯಿತು. ಎಳ್ಳ ಅಮಾವಾಸ್ಯೆಗೆ ಹೊಲದ ಬನ್ನಿಗಿಡದ ಬುಡದಲ್ಲಿ ಐದು ಕಲ್ಲು ಇಟ್ಟು, ಸುಣ್ಣ ಕೆಮ್ಮಣ್ಣು ಹಚ್ಚಿ, ಪಾಂಡವರೆಂದು ಪೂಜಿಸಿ, ಎಡೆ ಹಿಡಿದು, ಆಮೇಲೆ ಅಡಿಗೆಯನ್ನೂ ನೀರನ್ನೂ ಬೆಳೆಗೆ ಎರಚಿ ಚರಗ ಚೆಲ್ಲುವುದು ಅವರ ಮನೆಯಲ್ಲಿ ಮುತ್ತಜ್ಜನ ಕಾಲದಿಂದ ನಡೆದದ್ದು. ಎರೆ ಹೊಲದಲ್ಲಿ ಕಲ್ಲು ಹುಡುಕುವುದೇ ಒಂದು ಗೋಳು. ಅಂಗೈಯಷ್ಟು ಕಲ್ಲು ಸಿಕ್ಕರೆ ಪುಣ್ಯ. ಹಿಂದಿನ ವರ್ಷ ಭೀಮನಾಗಿದ್ದ ದೊಡ್ಡ ಕಲ್ಲನ್ನು ಯಾರೋ ಒಲೆಗುಂಡು ಮಾಡಲು ಒಯ್ದಿದ್ದರು.

"ಬ್ಯಾರೆ ಕಲ್ಲು ಸಿಗಲಿಲ್ಲಾ ನಿನಗ?"

"ನಾಕು ಸಿಕ್ಕವು. ಭೀಮ ಸಿಗಲಿಲ್ಲ. ಇಷ್ಟು ದೊಡ್ಡ, ಇಷ್ಟು ಚಂದ ಕಲ್ಲು ವರ್ಷೆಲ್ಲಾ ಬಿಸಲಾಗ ಮಳ್ಯಾಗ ನಮ್ಮ ಹೊಲಾ ಕಾಕೊಂಡು ಒಬ್ಬನ ನಿಂತೈತಿ. ಹಬ್ಬದ ದಿನಾನೂ ಅದನ್ನ ಬೇಲ್ಯಾಗ ಬಿಟ್ಟು ಬ್ಯಾರೆ ಕಲ್ಲಿಗೆ ಎಡಿ ಹಿಡೀಲೇನು? ತೋಟಪ್ಪ ಹಾರಿ ಹಾಕಿ ಎಬ್ಬಿಸಿದ. ಸಂಜಿಮುಂದ ಅದ ಕುಣ್ಯಾಗ, ಅದ ಮಾರಿ ಮಾಡಿ ಇಟ್ಟೀವಿ. ಕೂದಲೆಳಿ ಫರಕ್ ಆಗಿಲ್ಲ."

"ಮೂರು ನೂಲು ಫರಕ್ ಆಗೈತಿ."

"ಮೂರು ನೂಲಿಗೆ ಇಷ್ಟು ಮಾರಿ ಮಾಡೂದೇನು?"

"ಯಾರೂ ಮುಟ್ಟಬಾರದು ಅಂತ ಹೇಳಿದ್ದೆನೋ ಇಲ್ಲೋ?"

"ಆಡು ಮುಟ್ಟಬಾರದು, ದನಾ ಮುಟ್ಟಬಾರದು, ಮಂದಿ ಮುಟ್ಟಬಾರದು ಅಂದಿ. ದೇವರ ಕೆಲಸಕ್ಕ ಮುಟ್ಟಬಾರದು ಅಂತ ಎಲ್ಲಿ ಅಂದಿ?"

ಈ ಪ್ರಶ್ನೆಗೆ ಉತ್ತರ ಆ ನಾಲ್ಕು ಹಾಳೆಯಲ್ಲೂ ಇರಲಿಲ್ಲ. ಗುರುಸಂಗಪ್ಪ ಅಂಗಳಕ್ಕೆ ಹೋದ. ಬೈಯಬೇಕೆಂದರೆ ಹನ್ನೊಂದು ತಿಂಗಳು ಮುಳ್ಳುಬೇಲಿ ಸುತ್ತಿದ ಹೆಣ್ಣು. ಬೈಯದಿದ್ದರೆ ಎದೆ ಒಡೆಯುತ್ತದೆ.

ಮೂರು ದಿನದ ಮೇಲೆ ಅವನಿಗೊಂದು ದಾರಿ ಹೊಳೆಯಿತು. ಅಮಾವಾಸ್ಯೆಯ ಹಿಂದಿನ ಅಳತೆ ತನ್ನಲ್ಲಿದೆ. ಕಲ್ಲು ಮತ್ತೆ ಕೂತ ಎತ್ತರವೂ ಗೊತ್ತಿದೆ. ಮುಂದಿನ ಅಳತೆಗಳಲ್ಲಿ ಮೂರು ನೂಲು ಕಳೆದರೆ ಮುಗಿಯಿತು. ಯಾರಿಗೆ ತಿಳಿಯುತ್ತದೆ? ಉತ್ತರ ದೇಶದವರು ಬಂದು ಜಕ್ಕಲಿಯ ಕಲ್ಲಿನ ಸಂದಿಯಲ್ಲಿ ಸುಣ್ಣ ಹುಡುಕುತ್ತಾರೆಯೆ? ನಾಲ್ಕು ವರ್ಷ ತಿಂದ ಕಾಗದಕ್ಕೆ ಇನ್ನೊಂದು ವರ್ಷ ತಿನ್ನಿಸುವ ತಾಳ್ಮೆ ಅವನಲ್ಲಿ ಉಳಿದಿರಲಿಲ್ಲ. ಜನವರಿ ಮುಗಿದಾಗ ಒಂಬತ್ತನೆಯ ಕಲಮಿನ ಪ್ರಮಾಣಪತ್ರ ಬರೆದು, ತನ್ನ ಸಹಿ ಹಾಕಿ, ಶಾಯಿಯ ಡಬ್ಬಿ ತಂದು ತಾಯಿಯ ಮುಂದೆ ಇಟ್ಟ.

ಮುದುಕವ್ವ ಹೆಬ್ಬೆರಳನ್ನು ಶಾಯಿಗೆ ಅದ್ದಿದಳು. ಅದ್ದಿದ ಮೇಲೆ ಕೇಳಿದಳು. "ಏನಂತ ಬರದೀದಿ?"

"ಕಲ್ಲು ಯಾರೂ ಮುಟ್ಟಿಲ್ಲ, ಅಲಗಿಸಿಲ್ಲ ಅಂತ."

ಕಾಗದದ ಮೇಲೆ ಇಳಿಯುತ್ತಿದ್ದ ಕೈ ಅಲ್ಲೇ ನಿಂತಿತು. ಆಕೆ ಮಗನ ಮುಖ ನೋಡಿದಳು. ಆಮೇಲೆ ಹೆಬ್ಬೆರಳನ್ನು ತಲೆಗೂದಲಿಗೆ ಒರೆಸಿಕೊಂಡುಬಿಟ್ಟಳು.

"ನಾ ಎತ್ತೀನಲ್ಲೋ."

"ಎತ್ತಿದಿ, ಇಟ್ಟಿ. ಇದು ಬರೇ ಒಂದು ಕಾಗದ, ಅವ್ವಾ. ಒತ್ತು."

"ನಿಮ್ಮಪ್ಪ ಇದ್ದಾಗ ಪಂಚರ ಮುಂದ ಒಮ್ಮೆ ಹೆಬ್ಬಟ್ಟು ಒತ್ತೀನಿ. ಬಾಂದದ ಕಲ್ಲು ನಾವು ಸರಸಿಲ್ಲ ಅಂತ. ಅವತ್ತು ಸರಸಿದ್ದಿಲ್ಲ, ಒತ್ತಿದೆ. ಕಲ್ಲು ಸರಸಿ ಸರಸಿಲ್ಲ ಅನ್ನೋ ಮಂದಿ ಊರಾಗ ಬ್ಯಾರೆ ಅದಾರ. ನೀ ದಿನಾ ಅಂಥಾವರನ್ನ ನೋಡತಿ."

ಖರೇ, ದಿನಾ ನೋಡುತ್ತಿದ್ದ. ಅವನ ನೌಕರಿಯೇ ಅದು. ಬದುವಿನ ಕಲ್ಲನ್ನು ಒಂದು ಗೇಣು ಆಚೆ ನೂಕಿ, ದೇವರ ಆಣೆ ಹಾಕಿ, ಸರಪಳಿ ಹಿಡಿದವನ ಕಣ್ಣಿಗೆ ಮಣ್ಣೆರಚುವವರನ್ನು ಹಿಡಿದು ನಿಲ್ಲಿಸುವುದು. ತಾಯಿಯ ಮಾತು ನಾಟಿತು, ನಾಟಿದ್ದಕ್ಕೇ ಸಿಟ್ಟು ಇನ್ನಷ್ಟು ಏರಿತು. ಕಲ್ಲು ಎಬ್ಬಿಸಿ ಒಂದು ಸಲ ಕೆಡಿಸಿದಳು, ಎಬ್ಬಿಸಿದ್ದನ್ನು ಒಪ್ಪಿಕೊಂಡು ಎರಡನೆಯ ಸಲ ಕೆಡಿಸಿದಳು. ಪ್ರಮಾಣಪತ್ರ ಹರಿದು ಒಲೆಗೆ ಹಾಕಿದ. ತಾಯಿಯ ಜೊತೆ ಹನ್ನೆರಡು ದಿನ ಮಾತು ಬಿಟ್ಟ. ಮುದುಕವ್ವ ಮಾತು ಬಿಡಲಿಲ್ಲ. ಅವನು ಉತ್ತರ ಕೊಡದಿದ್ದರೆ ಆ ಉತ್ತರವನ್ನೂ ತಾನೇ ಹೇಳಿಕೊಂಡು ಮುಂದುವರಿಯುತ್ತಿದ್ದಳು.

ಹದಿಮೂರನೆಯ ದಿನ ಶೇಖವ್ವ ಅಳತೆಗೋಲನ್ನು ತಂದು ಅವನ ಮುಂದಿನ ಗೋಡೆಗೆ ಒರಗಿಸಿದಳು. "ಇವತ್ತಿಗೆ ಶುರು ಮಾಡಿದ್ರ ಮುಂದಿನ ಫೆಬ್ರುವರಿಗೆ ವರ್ಷ ತುಂಬತೈತಿ. ಜೂನಿನ ಒಳಗ ಬರದು ಕಳಸಬಹುದು. ನಾಳೆ ನಾಳೆ ಅಂದ್ರ ಆಗೂದಿಲ್ಲ ನೋಡ್ರಿ" ಎಂದಳು. ಗುರುಸಂಗಪ್ಪ ಲೆಕ್ಕ ಹಾಕಿದ. ಆಗುತ್ತಿತ್ತು, ಆದರೆ ಒಂದೇ ಸಲಕ್ಕೆ. ಈ ವರ್ಷವೂ ಕಲ್ಲು ಅಲುಗಿದರೆ ಒಂಬತ್ತೂ ಕಲಮು ನೀರಲ್ಲಿ ಹೋಮ.

ಹೊಸ ಲೆಕ್ಕ ಸೊನ್ನೆಯಿಂದ ಹೊರಟಿತು. ಈ ಸಲ ತಾಯಿಯನ್ನು ಎದುರಿಗೆ ಕೂರಿಸಿಕೊಂಡು ಹೇಳಿದ: ಆಡು, ದನ, ಮನುಷ್ಯ, ದೇವರು, ದೆವ್ವ, ಹಬ್ಬ, ಹುಣ್ಣಿಮೆ, ಯಾವ ಕಾರಣಕ್ಕೂ ಮುಟ್ಟಬಾರದು. ಸುಣ್ಣವಿಲ್ಲ, ಕುಂಕುಮವಿಲ್ಲ. ಸುತ್ತ ನೀರು ಚೆಲ್ಲಬಾರದು. ಮುದುಕವ್ವ ಎಲ್ಲಕ್ಕೂ ಹೂಂ ಅಂದಳು. ಆಕೆ ಹೂಂ ಅಂದಷ್ಟೂ ಅವನಿಗೆ ಧೈರ್ಯ ಕುಸಿಯಿತು.

ಸಾಲದ್ದಕ್ಕೆ ಜುಲೈನಲ್ಲಿ ಅವನನ್ನು ನರಗುಂದಕ್ಕೆ ಹಾಕಿದರು. ಅಳತೆಯನ್ನು ಅಭ್ಯರ್ಥಿಯೇ ಸ್ವತಃ ನೋಡಬೇಕೆಂಬ ಷರತ್ತು ಇದ್ದೇ ಇತ್ತು. ಹದಿನೈದು ದಿನಕ್ಕೊಮ್ಮೆ ನರಗುಂದದಿಂದ ರೋಣಕ್ಕೆ ಬಸ್ಸು, ರೋಣದಿಂದ ಜಕ್ಕಲಿಗೆ ಸೈಕಲ್ಲು. ಮಳೆಗಾಲದಲ್ಲಿ ಎರೆ ಮಣ್ಣು ಗಾಲಿಗೆ ಮೆತ್ತಿಕೊಂಡು ಸೈಕಲ್ಲು ಮುಂದೆ ಹೋಗುವುದಿಲ್ಲ. ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಅವನೇ ನಡೆಯಬೇಕು. ಯಾವ ಮಣ್ಣಿನ ಆಟ ಅಳೆಯಲು ಹೊರಟಿದ್ದನೋ ಆ ಮಣ್ಣೇ ಕಾಲು ಹಿಡಿದು ಎಳೆಯುತ್ತಿತ್ತು. ಅದಕ್ಕೆ ಹೊಲಸು ಬೈಗುಳಗಳನ್ನು ಬೈದ. ಜರ್ಮನ್ ಭಾಷೆ ಅವನ ಉಪಯೋಗಕ್ಕೆ ಬಂದದ್ದು ಆ ರಸ್ತೆಯಲ್ಲೇ. ಮಂದಿ ಎದುರಿಗೆ ಬಂದರೆ ಆ ಭಾಷೆಯಲ್ಲಿ ಬೈಯುತ್ತಿದ್ದ.

ಡಿಸೆಂಬರಿನಲ್ಲಿ ಮತ್ತೆ ಎಳ್ಳ ಅಮಾವಾಸ್ಯೆ ಬಂತು. ಶನಿವಾರ. ರಜೆ ಕೇಳಿದ. ಯಾವುದೋ ಬದುವಿನ ತಕರಾರು ಮುಗಿಸಿ ಹೋಗು ಎಂದರು. ಮುಟ್ಟಬೇಡ ಎಂದು ಒಂದು ಕಾರ್ಡು ಬರೆದು ಹಾಕಿದ. ಕಾರ್ಡು ಓದಿ ಹೇಳುವವಳು ಶೇಖವ್ವ, ಆಕೆಗೆ ಅತ್ತೆಯ ಎದುರು ನಿಲ್ಲುವ ಅಭ್ಯಾಸವಿಲ್ಲ. ಶನಿವಾರ ಹನ್ನೊಂದಕ್ಕೆ ತಕರಾರಿನವರಿಬ್ಬರನ್ನೂ ಅರ್ಧ ಮಾತಿನಲ್ಲೇ ಬಿಟ್ಟು ಬಸ್ಸು ಹತ್ತಿದ.

ಹೊಲಕ್ಕೆ ಮುಟ್ಟಿದಾಗ ಹೊತ್ತು ಇಳಿಯತೊಡಗಿತ್ತು. ಸುತ್ತಲಿನ ಹೊಲಗಳಲ್ಲಿ ಗಾಡಿ ಬಿಟ್ಟು ಮಂದಿ ಉಣ್ಣುತ್ತಿದ್ದರು. ತಮ್ಮ ಗಾಡಿಯೂ ನಿಂತಿತ್ತು. ಗುರುಸಂಗಪ್ಪ ಮೊದಲು ನೋಡಿದ್ದು ಬನ್ನಿಗಿಡದ ಬುಡವನ್ನು. ಅಲ್ಲಿ ಪಾಂಡವರು ಇರಲಿಲ್ಲ. ಕಣ್ಣು ಬೇಲಿಯ ಕಡೆ ತಿರುಗಿತು. ಮುಳ್ಳಿನ ಸಂದಿಯಲ್ಲಿ ಬಿಳಿ ಬಿಳಿ ಸುಣ್ಣ ಕಾಣಿಸಿತು. ಸೈಕಲ್ಲನ್ನು ಕಡಲೆಯ ಸಾಲಿನಲ್ಲೇ ಕೆಡವಿ ಓಡಿದ.

ಬೇಲಿಯ ಹೊರಗೆ, ಮುಳ್ಳಿಗೆ ತಾಗಿದಂತೆ, ಸುಣ್ಣ ಹಚ್ಚಿದ ಸಣ್ಣ ಕಲ್ಲುಗಳು ಸಾಲಾಗಿ ಕೂತಿದ್ದವು. ಎಣಿಸಿದ. ನಾಲ್ಕು. ಅವುಗಳ ಮುಂದೆ ಸಜ್ಜೆಯ ರೊಟ್ಟಿ, ಶೇಂಗಾ ಹೋಳಿಗೆ, ಬದನೆಕಾಯಿ ಪಲ್ಯದ ಎಡೆ. ಬೇಲಿಯ ಒಳಗೆ, ಹತ್ತು ಮಾರು ಆಚೆ, ಗುರುತಿನ ಕಲ್ಲು ನಿಂತಿತ್ತು. ಅದರ ಮೇಲೆ ಸುಣ್ಣವಿಲ್ಲ, ಕುಂಕುಮವಿಲ್ಲ, ಸುತ್ತ ಹೆಜ್ಜೆ ಗುರುತಿಲ್ಲ. ಕಲ್ಲಿನ ಬುಡದಲ್ಲಿ ಒಣ ಮಣ್ಣು ಬಿರುಕು ಬಿಟ್ಟದ್ದು ಬಿಟ್ಟಂತೆಯೇ ಇತ್ತು.

ಮುದುಕವ್ವ ಗಾಡಿಯ ನೆರಳಿನಿಂದ ಎದ್ದು ಬಂದಳು.

"ಭೀಮ ಜಾಗಾ ಬಿಟ್ಟು ಬರಂಗಿಲ್ಲ ಅಂದ. ಅದಕ್ಕ ಉಳದ ನಾಕೂ ಮಂದಿನ್ನ ಅವನ ಕಡೇನ ಕರಕೊಂಡು ಬಂದೀನಿ" ಎಂದಳು. "ನೀ ಹೇಳಿದ ಹತ್ತು ಮಾರು ಬಿಟ್ಟೀನಿ. ತೋಟಪ್ಪಗ ಎರಡು ಸಲ ಅಳಸೀನಿ. ಎಡಿ ಇಲ್ಲಿಂದಾನ ತೋರಿಸೀನಿ. ಚರಗಾ ಈ ಕಡೆ ಚೆಲ್ಲಿಲ್ಲ, ನೀರು ಬೀಳತೈತಂತ."

ನರಗುಂದದಿಂದ ಕಟ್ಟಿಕೊಂಡು ತಂದಿದ್ದ ಸಿಟ್ಟೆಲ್ಲ ಕೈಯಲ್ಲೇ ಉಳಿಯಿತು. "ಉಣ್ಣಾಕ ಏನೈತಿ?" ಎಂದ ಗುರುಸಂಗಪ್ಪ. ಮರುದಿನ ಅಳತೆ ನೋಡಿದ. ಕಲ್ಲು ಎಲ್ಲಿರಬೇಕೋ ಅಲ್ಲೇ ಇತ್ತು.

ಫೆಬ್ರುವರಿಯಲ್ಲಿ ವರ್ಷ ತುಂಬಿತು. ಪ್ರಮಾಣಪತ್ರ ಬರೆದು ಶಾಯಿಯ ಡಬ್ಬಿ ತಂದಿಟ್ಟ. ಮುದುಕವ್ವ ಈ ಸಲವೂ ಏನು ಬರೆದಿದ್ದೀ ಎಂದು ಕೇಳಿ, ಪೂರಾ ಓದಿಸಿಕೊಂಡು, ಹೆಬ್ಬೆರಳನ್ನು ಎಷ್ಟು ಬಲವಾಗಿ ಒತ್ತಿದಳೆಂದರೆ ಶಾಯಿ ಹರಡಿ ಅವನ ಸಹಿಯೂ ಮುಳುಗಿತು. "ಅವ್ವಾ, ಇದು ಕೆಟ್ಟುಹೋತು. ಮೆತ್ತಗ ಒತ್ತಬೇಕು" ಎಂದು ತಲೆ ಹಿಡಿದುಕೊಂಡ. "ಇನ್ನೊಂದು ಬರಿ. ಹತ್ತು ಬರಿ" ಎಂದಳು ಆಕೆ. "ಈ ಸಲ ಖರೇ ಐತಿ. ಎಷ್ಟು ಬೇಕಾದ್ರೂ ಒತ್ತತೀನಿ." ವಿದ್ಯಾಪೀಠಕ್ಕೆ ಮೂರು ಪ್ರತಿ ಬೇಕಿತ್ತು. ಐದು ಬರೆಯಬೇಕಾಯಿತು.

ಪ್ರಬಂಧ ಜೂನ್ ಹತ್ತೊಂಬತ್ತಕ್ಕೆ ಅಂಚೆಗೆ ಬಿತ್ತು. ಸೆಪ್ಟೆಂಬರಿನಲ್ಲಿ ಪದವಿ ಬಂತು, ಅದರಲ್ಲಿ ಅವನ ಹೆಸರಿನ ಒಂದು ಅಕ್ಷರ ತಪ್ಪಿತ್ತು. ಅದನ್ನು ತಿದ್ದಿಸಲು ಏನೇನು ಬೇಕೆಂಬ ಇನ್ನೊಂದು ಅಚ್ಚಿನ ಕಾಗದವನ್ನೂ ಜೊತೆಗಿಟ್ಟಿದ್ದರು. ಗುರುಸಂಗಪ್ಪ ಅದನ್ನು ಓದದೆ ಮಡಿಚಿ ಪೆಟ್ಟಿಗೆಯ ತಳಕ್ಕೆ ಹಾಕಿದ.

ಆ ವರ್ಷದ ಎಳ್ಳ ಅಮಾವಾಸ್ಯೆಗೆ ಅವನು ರಜೆ ಹಾಕಿ ಊರಿಗೆ ಬಂದ. ಗಾಡಿ ಹೊಲ ಮುಟ್ಟಿದ ಕೂಡಲೇ ಹಾರೆ ತೆಗೆದುಕೊಂಡು ಇಳಿದ. ಮನಸ್ಸು ಹಗುರಾಗಿತ್ತು. ತಾಯಿಯ ಎರಡು ವರ್ಷದ ಕಾವಲಿಗೆ ತನ್ನ ಕೈಯಿಂದ ಇಷ್ಟಾದರೂ ಆಗಲಿ ಎಂದುಕೊಂಡಿದ್ದ.

"ಅವ್ವಾ, ಕೆಲಸ ಮುಗೀತು. ಇನ್ನ ಕಲ್ಲು ಎತ್ತಿದ್ರ ಏನೂ ಆಗೂದಿಲ್ಲ. ನಿನ್ನ ಭೀಮನ್ನ ಬನ್ನಿಗಿಡದ ಕಡೆ ನಾನ ಹೊತ್ತು ತರತೀನಿ."

ಮುದುಕವ್ವ ಅವನ ಕೈಯ ಹಾರೆ ಹಿಡಿದುಕೊಂಡಳು.

"ಹುಚ್ಚದೀಯೇನು? ಕಲ್ಲು ಅಲಗಿಲ್ಲ ಅಂತ ಅಲ್ಲಿ ನನ್ನ ಹೆಬ್ಬಟ್ಟು ಐತಿ."

"ಅದು ಆ ಒಂದು ವರ್ಷದ ಮಾತು, ಅವ್ವಾ."

"ಹೆಬ್ಬಟ್ಟಿಗೆ ವರ್ಷ ಇರತೈತೇನು?" ಎಂದಳು ಮುದುಕವ್ವ, ಎಂ.ಎಸ್ಸಿ. ಆದ ಮಗನಿಗೆ ಇಷ್ಟೂ ತಿಳಿಯುವುದಿಲ್ಲವಲ್ಲ ಎಂಬ ಬೇಸರದಿಂದ.

ಗುರುಸಂಗಪ್ಪ ಹಾರೆಯನ್ನು ಗಾಡಿಗೆ ಎಸೆದ. ಆಮೇಲೆ ಗೊಣಗುತ್ತಲೇ ನಾಲ್ಕು ಕಲ್ಲುಗಳನ್ನು ಹೆಗಲ ವಸ್ತ್ರದಲ್ಲಿ ಕಟ್ಟಿಕೊಂಡು, ಬೇಲಿಯ ಕಡೆ ನಡೆದ.